ದ್ರಾಕ್ಷಿ ಬಳ್ಳಿಗೆ ಜೀವದಾನ ಮಾಡಿದ ಮಿಲಾರ್ಡೆ

ಮನೆಯ ಹಿತ್ತಿಲಿನಲ್ಲಿ ಒಂದು ದ್ರಾಕ್ಷಿ ಬಳ್ಳಿ ಹಬ್ಬಿಸಬೇಕೆಂಬ ಆಸೆ ನಮ್ಮ ಚಿತ್ರದುರ್ಗ ಸೀಮೆಯ ಅನೇಕ ರೈತರಿಗೆ ಉಂಟು. ಈಚೆಗೆ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆ ಕೆಲವರು ಚಪ್ಪರದ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಸುತ್ತಲೂ ಪರದೆ ಕಟ್ಟಿ, ಗೋಡೆಯ ಮಗ್ಗುಲಲ್ಲೇ ಸಣ್ಣದೊಂದು ಹಸಿರುಮನೆ ಮಾಡಿ ಅದರೊಳಗೆ ಬಳ್ಳಿ ಸಾಕುತ್ತಿದ್ದಾರೆ. ಮಳೆ, ಹಕ್ಕಿ, ದನಕರು ಯಾವುದರ ಕಾಟವೂ ಇರುವುದಿಲ್ಲವೆಂಬುದು ಅವರ ಎಣಿಕೆ. ಎಣಿಕೆ ತಪ್ಪೇನಲ್ಲ, ಆದರೆ ಪೂರ್ತಿ ಸರಿಯೂ ಅಲ್ಲ.

ಕೆಲವು ವರ್ಷಗಳ ಹಿಂದೆ ಹೊಸದುರ್ಗ ತಾಲ್ಲೂಕಿನ ಒಂದು ಹಳ್ಳಿಗೆ ಕೆಲಸದ ಮೇಲೆ ಹೋಗಿದ್ದೆ. ಅಲ್ಲಿ ಒಬ್ಬ ಅಜ್ಜಿ ಬಚ್ಚಲ ನೀರು ಹಾಯಿಸಿ ಮೂರು ವರ್ಷ ಸಾಕಿದ ದ್ರಾಕ್ಷಿ ಬಳ್ಳಿ ತೋರಿಸಿದರು. ಮೊದಲ ಸಲ ಹೂಗೊಂಚಲು ತುಂಬ ಬಂದಿತ್ತು. ಒಂದು ವಾರ ಬಿಡದೆ ಹಿಡಿದ ಸೋನೆ ಆಗಷ್ಟೇ ನಿಂತಿತ್ತು. ಎಲೆಯ ಮೇಲೆ ಎಣ್ಣೆ ತಾಗಿದಂಥ ಹಳದಿ ಮಚ್ಚೆ, ಮಗುಚಿದರೆ ಕೆಳಗೆ ಬಿಳಿಯ ಬೂಜು. ಕೂಡಲೇ ಬೋರ್ಡೋ ದ್ರಾವಣ ಸಿಂಪಡಿಸಿ ಎಂದು ಹೇಳಿ ಬಂದೆ. ಅವರು ಹೇಳಿದಂತೆಯೇ ಮಾಡಿದರು. ಎರಡು ವಾರದಲ್ಲಿ ಎಲೆಯೆಲ್ಲ ಉದುರಿತು, ಗೊಂಚಲು ಸುಟ್ಟ ಹಾಗೆ ಒಣಗಿತು. ಮತ್ತೆ ಹೋದಾಗ ಅಜ್ಜಿ ನನ್ನನ್ನು ಬೈಯಲಿಲ್ಲ. ಔಷಧಿ ಒಳ್ಳೆಯದಾದರೆ ಬಳ್ಳಿ ಏಕೆ ಉಳಿಯಲಿಲ್ಲವೆಂದು ಮಾತ್ರ ಕೇಳಿದರು.

ಈ ಪ್ರಶ್ನೆಗೆ ಉತ್ತರ ಬೇಕಾದರೆ ಆ ದ್ರಾವಣವನ್ನು ಕಂಡುಹಿಡಿದವರ ಜೀವನವನ್ನೇ ತಿಳಿಯಬೇಕು. ಅವರು ಫ್ರಾನ್ಸ್ ದೇಶದ ಸಸ್ಯವಿಜ್ಞಾನಿ ಪಿಯರ್ ಮರಿ ಅಲೆಕ್ಸಿ ಮಿಲಾರ್ಡೆ. ಅಡಿಕೆ, ದಾಳಿಂಬೆ, ದ್ರಾಕ್ಷಿ ಬೆಳೆಯುವ ನಾವೆಲ್ಲರೂ ಅವರಿಗೆ ಋಣಿಗಳು.

ಗಾಜಿನಮನೆಯಿಂದ ಹೊರಟ ರೋಗ

ಮಿಲಾರ್ಡೆಯವರು 1838ರ ಡಿಸೆಂಬರ್ 13ರಂದು ಫ್ರಾನ್ಸಿನ ಪೂರ್ವ ಭಾಗದ ಜುರಾ ಪ್ರಾಂತದ ಮೋಂಮಿರೆ ಎಂಬ ಊರಿನಲ್ಲಿ ಹುಟ್ಟಿದರು. ಜುರಾ ದ್ರಾಕ್ಷಿ ಬೆಳೆಯುವ ಸೀಮೆ. ನಮ್ಮಲ್ಲಿ ರಾಗಿ ಹೇಗೋ ಆ ದೇಶದ ಅನೇಕ ಹಳ್ಳಿಗಳಿಗೆ ದ್ರಾಕ್ಷಿ ಹಾಗೆ.

ಅವರು ಆರು ವರ್ಷದ ಹುಡುಗರಾಗಿದ್ದಾಗ, 1845ರಲ್ಲಿ, ಸಮುದ್ರದಾಚೆಯ ಇಂಗ್ಲೆಂಡಿನಲ್ಲಿ ಒಂದು ಘಟನೆ ನಡೆಯಿತು. ಅಲ್ಲಿನ ಚಳಿಗೆ ದ್ರಾಕ್ಷಿ ಬಯಲಿನಲ್ಲಿ ಚೆನ್ನಾಗಿ ಹಣ್ಣಾಗದು. ಅದಕ್ಕಾಗಿ ಉಳ್ಳವರು ಮನೆಯ ಪಕ್ಕದಲ್ಲಿ ಗಾಜಿನಮನೆ ಕಟ್ಟಿಸಿ ಬಳ್ಳಿ ಬೆಳೆಸುತ್ತಿದ್ದರು. ನಮ್ಮ ಲಾಲ್‌ಬಾಗಿನ ಗಾಜಿನಮನೆಯೂ ಇಂಗ್ಲೆಂಡಿನ ಮಾದರಿಯದೇ, ಅದರ ಅಡಿಗಲ್ಲು ಬಿದ್ದದ್ದು 1889ರಲ್ಲಿ. ಮಾರ್ಗೇಟ್ ಎಂಬ ಊರಿನ ಅಂಥದೊಂದು ಗಾಜಿನಮನೆಯ ಬಳ್ಳಿಗಳ ಮೇಲೆ ಬೂದಿ ಎರಚಿದಂತೆ ಏನೋ ಕಾಣಿಸಿಕೊಂಡಿತು. ಎಡ್ವರ್ಡ್ ಟಕ್ಕರ್ ಎಂಬ ತೋಟದ ಮಾಲಿ ಅದನ್ನು ಗುರುತಿಸಿ, ಗಂಧಕ ಮತ್ತು ಸುಣ್ಣ ಕದಡಿದ ನೀರು ಹಾಕಿ ಹತೋಟಿಗೆ ತಂದರು. ಇದೇ ಬೂದಿರೋಗ. ವಿಜ್ಞಾನಿಗಳು ಆ ಶಿಲೀಂಧ್ರಕ್ಕೆ ಟಕ್ಕರ್ ಅವರ ಹೆಸರನ್ನೇ ಇಟ್ಟರು.

ಒಬ್ಬ ಮಾಲಿ ಹೇಳಿದ ಉಪಾಯ ದೇಶಕ್ಕೆಲ್ಲ ಹಬ್ಬುವುದಕ್ಕಿಂತ ಮೊದಲೇ ರೋಗ ಹಬ್ಬಿತು. ಕೆಲವೇ ವರ್ಷಗಳಲ್ಲಿ ಅದು ಫ್ರಾನ್ಸಿಗೆ ದಾಟಿ, 1854ರ ಹೊತ್ತಿಗೆ ಅಲ್ಲಿಯ ದ್ರಾಕ್ಷಿ ಫಸಲನ್ನು ತೀರಾ ಇಳಿಸಿಬಿಟ್ಟಿತು. ಕೊನೆಗೆ ಗಂಧಕದ ಪುಡಿ ಎರಚುವ ರೂಢಿ ಬಂದು ತೋಟಗಳು ಚೇತರಿಸಿಕೊಂಡವು. ಮಿಲಾರ್ಡೆ ಬೆಳೆದದ್ದು ಇಂಥ ಕಾಲದಲ್ಲಿ.

ವೈದ್ಯದಿಂದ ಸಸ್ಯಶಾಸ್ತ್ರಕ್ಕೆ

ಅವರು ಮೊದಲು ಓದಿದ್ದು ವೈದ್ಯಶಾಸ್ತ್ರ. ಆದರೆ ಮನಸ್ಸು ಗಿಡಮರಗಳ ಕಡೆಗೆ ಎಳೆಯಿತು. ಜರ್ಮನಿಯ ಹೈಡೆಲ್‌ಬರ್ಗ್ ಮತ್ತು ಫ್ರೈಬರ್ಗ್ ವಿಶ್ವವಿದ್ಯಾಲಯಗಳಿಗೆ ಹೋಗಿ ಸಸ್ಯಶಾಸ್ತ್ರ ಕಲಿತರು. ಸಸ್ಯರೋಗಗಳಿಗೆ ಶಿಲೀಂಧ್ರಗಳು ಕಾರಣವೆಂಬುದನ್ನು ಆಗ ಜರ್ಮನಿಯ ವಿಜ್ಞಾನಿಗಳು ಒಂದೊಂದಾಗಿ ಸಿದ್ಧಪಡಿಸುತ್ತಿದ್ದರು. ಸೂಕ್ಷ್ಮದರ್ಶಕದ ಕೆಳಗೆ ಎಲೆಯನ್ನಿಟ್ಟು ತಾಳ್ಮೆಯಿಂದ ನೋಡುವ ವಿದ್ಯೆ ಮಿಲಾರ್ಡೆಯವರಿಗೆ ಅಲ್ಲಿ ಕೈವಶವಾಯಿತು.

1869ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಅಧ್ಯಾಪಕರಾದರು. ಮರುವರ್ಷವೇ ಫ್ರಾನ್ಸಿಗೂ ಪ್ರಷ್ಯಕ್ಕೂ ಯುದ್ಧ ಹೂಡಿತು. ಫ್ರಾನ್ಸ್ ಸೋತಿತು. 1871ರಲ್ಲಿ ಸ್ಟ್ರಾಸ್‌ಬರ್ಗ್ ಜರ್ಮನಿಯ ಪಾಲಾಯಿತು. ಮಿಲಾರ್ಡೆ 1872ರಲ್ಲಿ ನಾನ್ಸಿ ಊರಿಗೂ 1876ರಲ್ಲಿ ಬೋರ್ಡೋ ವಿಶ್ವವಿದ್ಯಾಲಯಕ್ಕೂ ಬಂದರು. ಬೋರ್ಡೋ ಎಂದರೆ ದ್ರಾಕ್ಷಿಯ ತವರು. ಅಲ್ಲಿಯೇ 1899ರವರೆಗೆ ದುಡಿದು ನಿವೃತ್ತರಾದರು.

ಬೇರು ತಿನ್ನುವ ಹೇನು

ಅವರು ಬೋರ್ಡೋಗೆ ಬಂದಾಗ ಬೂದಿರೋಗಕ್ಕಿಂತ ಭಯಂಕರವಾದ ಪಿಡುಗು ತೋಟಗಳನ್ನು ಕಬಳಿಸುತ್ತಿತ್ತು. ಅದು ಫಿಲಾಕ್ಸರ, ಬೇರಿನ ರಸ ಹೀರುವ ಅತಿ ಸಣ್ಣ ಹೇನು. ಇದೂ ಯೂರೋಪಿನಲ್ಲಿ ತಜ್ಞರ ಕಣ್ಣಿಗೆ ಮೊದಲು ಬಿದ್ದದ್ದು 1863ರಲ್ಲಿ, ಲಂಡನ್ ಬಳಿಯ ಒಂದು ಗಾಜಿನಮನೆಯ ಬಳ್ಳಿಯ ಮೇಲೆಯೇ. ಅಮೆರಿಕದಿಂದ ಶೋಕಿಗಾಗಿ ತರಿಸಿದ ಸಸಿಗಳ ಜೊತೆ ಹೇನೂ ಹಡಗು ಹತ್ತಿ ಬಂದಿತ್ತು. ಫ್ರಾನ್ಸಿನಲ್ಲಿ ಹಳ್ಳಿಗೆ ಹಳ್ಳಿಯೇ ಬಳ್ಳಿ ಕಿತ್ತು ಸುಡುವ ಸ್ಥಿತಿ ಬಂತು. ಅನೇಕ ಕುಟುಂಬಗಳು ಗುಳೆ ಹೊರಟವು.

ಅಮೆರಿಕದ ಕಾಡುಬಳ್ಳಿಯ ಬೇರು ಈ ಹೇನನ್ನು ತಡೆದುಕೊಳ್ಳುತ್ತದೆಂದು ಕೆಲವರು ಕಂಡುಕೊಂಡಿದ್ದರು. ಆದರೆ ಆ ಬಳ್ಳಿಯ ಹಣ್ಣು ಫ್ರೆಂಚರಿಗೆ ರುಚಿಸದು. ಆಗ ಬೇರು ಅಮೆರಿಕದ್ದು, ಮೇಲಿನ ಬಳ್ಳಿ ಫ್ರಾನ್ಸಿನದು ಎಂದು ಕಸಿ ಮಾಡುವ ಮಾರ್ಗ ಹೊಳೆಯಿತು. ಯಾವ ಮಣ್ಣಿಗೆ ಯಾವ ಬೇರು ಹೊಂದುತ್ತದೆ, ಯಾವುದು ಹೇನನ್ನು ಎಷ್ಟು ತಡೆಯುತ್ತದೆ ಎಂದು ವರ್ಷಗಟ್ಟಲೆ ಪರೀಕ್ಷಿಸಿದವರಲ್ಲಿ ಮಿಲಾರ್ಡೆ ಮುಖ್ಯರು. ದ ಗ್ರಾಸೆ ಎಂಬ ಜಮೀನುದಾರರ ಜೊತೆಗೂಡಿ ಅವರು ತಳಿ ಬೆರಕೆ ಮಾಡಿ ಬೇರುಸಸಿಗಳನ್ನು ತಯಾರಿಸಿದರು. ಸುಣ್ಣದ ಮಣ್ಣು ತಾಳುವ 41ಬಿ ಎಂಬ ಬೇರುಸಸಿಯೂ 101-14 ಎಂಬುದೂ ಅವರ ಕೈಯಲ್ಲಿ ಹುಟ್ಟಿದವು, ಇಂದಿಗೂ ಹಲವು ದೇಶಗಳಲ್ಲಿ ಬಳಕೆಯಲ್ಲಿವೆ. ನಮ್ಮ ನಾಡಿನ ಬೆಳೆಗಾರರು ಉಪ್ಪುನೀರು, ಬರಗಾಲ ತಡೆಯಲು ಡಾಗ್‌ರಿಡ್ಜ್ ಬೇರುಸಸಿಯ ಮೇಲೆ ಕಸಿ ಮಾಡುವುದೂ ಇದೇ ತತ್ತ್ವದ ಮುಂದುವರಿಕೆ. ಡಾಗ್‌ರಿಡ್ಜ್ ಕೂಡ ಅಮೆರಿಕದ ಟೆಕ್ಸಾಸ್ ಪ್ರಾಂತದ ಕಾಡುಬಳ್ಳಿಯೇ.

ಒಂದು ಕಷ್ಟಕ್ಕೆ ಪರಿಹಾರ ಹುಡುಕುವಾಗ ಇನ್ನೊಂದು ಕಷ್ಟ ಒಳಗೆ ನುಸುಳಿತು. ಬೇರಿಗಾಗಿ ತಂದ ಅಮೆರಿಕದ ಬಳ್ಳಿಗಳ ಜೊತೆಯಲ್ಲಿ ಬೂಜುರೋಗ ಬಂತು. ನಮ್ಮ ಬೆಳೆಗಾರರು ಡೌನಿ ಎಂದು ಕರೆಯುವ ರೋಗ ಇದೇ. 1878ರಲ್ಲಿ ಅದು ಫ್ರಾನ್ಸಿನಲ್ಲಿ ಕಾಣಿಸಿಕೊಂಡಿತು. ಹೇನಿನಿಂದ ಉಳಿದ ತೋಟಗಳು ಕೂಡ ಹಣ್ಣಾಗುವ ಮೊದಲೇ ಎಲೆ ಕಳಚಿ ಬೋಳಾಗತೊಡಗಿದವು.

ರಸ್ತೆಬದಿಯ ಸಾಲು

ಮಿಲಾರ್ಡೆ ಮೊದಲು ರೋಗದ ನಡೆಯನ್ನು ಅಭ್ಯಾಸ ಮಾಡಿದರು. ಈ ಶಿಲೀಂಧ್ರದ ಬೀಜಕಣ ಎಲೆಯ ಮೇಲಿನ ನೀರಹನಿಯಲ್ಲಿ ಒಡೆದು, ಅದರಿಂದ ಈಜುವ ಸೂಕ್ಷ್ಮ ಕಣಗಳು ಹೊರಬರುತ್ತವೆ. ಅವು ಈಜುತ್ತ ಹೋಗಿ ಎಲೆಯ ಉಸಿರಾಟದ ರಂಧ್ರದ ಮೂಲಕ ಒಳಕ್ಕೆ ಬೇರಿಳಿಸುತ್ತವೆ. ಒಮ್ಮೆ ಒಳಹೊಕ್ಕ ಮೇಲೆ ಹೊರಗಿನಿಂದ ಹಚ್ಚಿದ ಆಗಿನ ಯಾವ ಮದ್ದೂ ಅದನ್ನು ಮುಟ್ಟುತ್ತಿರಲಿಲ್ಲ. ಆದ್ದರಿಂದ ರೋಗ ವಾಸಿಮಾಡುವ ಔಷಧಿ ಹುಡುಕುವುದು ವ್ಯರ್ಥ, ಕಣ ಎಲೆಯೊಳಗೆ ಹೋಗುವ ಮೊದಲೇ ಅದನ್ನು ಎಲೆಯ ಮೇಲೆ ಕೊಲ್ಲಬೇಕು ಎಂಬ ತೀರ್ಮಾನಕ್ಕೆ ಅವರು ಬಂದರು. ಅವರ ಕೆಲಸದ ತಿರುಳು ಇದೇ. ಆದರೆ ಕೊಲ್ಲುವ ವಸ್ತು ಯಾವುದು?

1882ರ ಅಕ್ಟೋಬರ್ ತಿಂಗಳು. ಬೋರ್ಡೋ ಸಮೀಪದ ಮೆದೋಕ್ ಸೀಮೆಯ ಸೇಂ ಜೂಲಿಯೆನ್ ಎಂಬ ಊರಿನ ತೋಟಗಳ ನಡುವೆ ಮಿಲಾರ್ಡೆ ನಡೆದುಹೋಗುತ್ತಿದ್ದರು. ತೋಟದ ಒಳಗೆಲ್ಲ ಬಳ್ಳಿಗಳು ಎಲೆ ಉದುರಿಸಿ ನಿಂತಿದ್ದವು. ಆದರೆ ರಸ್ತೆಯ ಅಂಚಿನ ಕೆಲವು ಸಾಲುಗಳು ಮಾತ್ರ ಹಸಿರಾಗಿದ್ದವು. ಹತ್ತಿರ ಹೋಗಿ ನೋಡಿದರೆ ಎಲೆಗಳ ಮೇಲೆ ನೀಲಿ ಬಣ್ಣದ ಪುಡಿ ಅಂಟಿತ್ತು.

ಆ ತೋಟದ ಮೇಲ್ವಿಚಾರಕರಾದ ಎರ್ನೆಸ್ತ್ ದಾವಿದ್ ಅವರನ್ನು ವಿಚಾರಿಸಿದರು. ದಾರಿಹೋಕರು ಹಣ್ಣು ಕದಿಯದಿರಲೆಂದು ಆ ಕಡೆಯ ರೈತರು ಮೈಲುತುತ್ತ ಮತ್ತು ಸುಣ್ಣ ಕದಡಿ ರಸ್ತೆಬದಿಯ ಸಾಲಿಗೆ ಎರಚುತ್ತಿದ್ದರಂತೆ. ವಿಷದ ಬಣ್ಣ ಕಂಡವರು ಹಣ್ಣು ಮುಟ್ಟುತ್ತಿರಲಿಲ್ಲ. ನಮ್ಮಲ್ಲಿ ಹೊಲಕ್ಕೆ ಬೆರ್ಚಪ್ಪ ನಿಲ್ಲಿಸಿದ ಹಾಗೆ ಇದೊಂದು ಉಪಾಯ, ಅಷ್ಟೆ. ರೋಗದ ಯೋಚನೆ ಅದರಲ್ಲಿ ಇರಲಿಲ್ಲ.

ಆ ರಸ್ತೆಯಲ್ಲಿ ದಿನವೂ ನೂರಾರು ಜನ ಓಡಾಡುತ್ತಿದ್ದಿರಬೇಕು. ಹಸಿರು ಸಾಲು ಎಲ್ಲರ ಕಣ್ಣಿಗೂ ಬಿದ್ದಿರಬೇಕು. ರೋಗ ಎಲೆಯನ್ನು ಹೇಗೆ ಹೊಗುತ್ತದೆಂದು ತಿಳಿದು, ಹೊರಗಿನ ಕಾವಲನ್ನೇ ಹುಡುಕುತ್ತಿದ್ದ ಮಿಲಾರ್ಡೆಯವರಿಗೆ ಮಾತ್ರ ಅದರ ಅರ್ಥವಾಯಿತು.

ಮೂರು ವರ್ಷದ ಪರೀಕ್ಷೆ

ಕಂಡ ಕೂಡಲೇ ಅವರು ಡಂಗುರ ಸಾರಲಿಲ್ಲ. 1883ರಿಂದ 1885ರವರೆಗೆ ಪರೀಕ್ಷೆ ನಡೆಸಿದರು. ಸಹೋದ್ಯೋಗಿ ರಸಾಯನಶಾಸ್ತ್ರಜ್ಞ ಯುಲಿಸ್ ಗಯೋನ್ ಜೊತೆಯಾದರು. ದಾವಿದ್ ತಮ್ಮ ಉಸ್ತುವಾರಿಯ ತೋಟಗಳಲ್ಲಿ ಪ್ರಯೋಗ ಮಾಡಿಸಿದರು. ತಾಮ್ರದ ಅಂಶ ಅತ್ಯಲ್ಪವಾಗಿದ್ದರೂ ಈಜುವ ಕಣಗಳು ಸಾಯುತ್ತವೆಂದು ಮಿಲಾರ್ಡೆ ಪ್ರಯೋಗಾಲಯದಲ್ಲಿ ತೋರಿಸಿದರು. ತಾಮ್ರಕ್ಕೆ ಈ ಗುಣವಿರುವುದನ್ನು ಪ್ರೆವೋ ಎಂಬ ವಿಜ್ಞಾನಿ 1807ರಷ್ಟು ಹಿಂದೆಯೇ ಗೋಧಿಯ ಕಾಡಿಗೆ ರೋಗದಲ್ಲಿ ಕಂಡಿದ್ದರು. ಆದರೆ ಬರಿಯ ಮೈಲುತುತ್ತ ಎಲೆಯನ್ನು ಸುಡುತ್ತದೆ, ಒಂದು ಮಳೆಗೆ ತೊಳೆದುಹೋಗುತ್ತದೆ. ಸುಣ್ಣ ಸೇರಿದರೆ ಅದರ ಸುಡುವ ಗುಣ ಅಡಗುತ್ತದೆ, ಎಲೆಗೆ ಅಂಟುತ್ತದೆ, ತಾಮ್ರ ಸ್ವಲ್ಪಸ್ವಲ್ಪವಾಗಿ ಬಿಡುಗಡೆಯಾಗುತ್ತದೆ. ಕಳ್ಳರನ್ನು ಬೆದರಿಸಲು ರೈತರು ಬೆರೆಸಿದ್ದ ಸುಣ್ಣವೇ ಔಷಧಿಯ ಅರ್ಧ ಗುಟ್ಟಾಗಿತ್ತು.

1885ರಲ್ಲಿ ಮಿಲಾರ್ಡೆ ಮಿಶ್ರಣದ ಪ್ರಮಾಣವನ್ನು ಪ್ರಕಟಿಸಿದರು. 100 ಲೀಟರ್ ನೀರಿಗೆ 8 ಕಿಲೋ ಮೈಲುತುತ್ತ, 30 ಲೀಟರ್ ನೀರಿನಲ್ಲಿ ಅರಳಿಸಿದ 15 ಕಿಲೋ ಸುಣ್ಣ. ಈಗ ನಾವು ಬಳಸುವುದಕ್ಕಿಂತ ಅದು ಸುಮಾರು ಆರು ಪಟ್ಟು ತೀಕ್ಷ್ಣ. ಆಗ ಬೆನ್ನಿಗೆ ಹೊರುವ ಪಂಪು ಇನ್ನೂ ರೈತರ ಕೈಗೆ ಬಂದಿರಲಿಲ್ಲ. ಸಣ್ಣ ಪೊರಕೆಯನ್ನು ಅದ್ದಿ ಎಲೆಗಳ ಮೇಲೆ ಕೊಡವುತ್ತಿದ್ದರು. ಆ ವರ್ಷ ರೋಗ ಜೋರಾಗಿಯೇ ಬಂತು. ಮದ್ದು ಕಂಡ ಸಾಲುಗಳು ಹಸಿರಾಗಿ ಹಣ್ಣು ಹೊತ್ತು ನಿಂತವು, ಕಾಣದ ಸಾಲುಗಳು ಬೋಳಾದವು. ವಾದವಿವಾದಕ್ಕೆ ಎಡೆಯೇ ಉಳಿಯಲಿಲ್ಲ.

ತಾಮ್ರ ಹಾಕಿದ ಹಣ್ಣು ತಿಂದರೆ, ಅದರ ರಸ ಕುಡಿದರೆ ಕೇಡಾದೀತೆಂಬ ಭಯ ಹುಟ್ಟಿತು. ಮಿಲಾರ್ಡೆ ಮತ್ತು ಗಯೋನ್ ಅದನ್ನೂ ಅಳೆದು ನೋಡಿದರು. ದ್ರಾಕ್ಷಾರಸದಲ್ಲಿ ಉಳಿಯುವ ತಾಮ್ರ ತೀರಾ ಅಲ್ಪವೆಂದು ಸಿದ್ಧಪಡಿಸಿದರು. ತಮಗೂ ಇದು ಗೊತ್ತಿತ್ತೆಂದು ಹೇಳಿಕೊಳ್ಳುವವರು ಬೇರೆ ಕಡೆಗಳಿಂದ ಎದ್ದರು. ಬೇರೆ ಸೀಮೆಯಲ್ಲಿ ಮೈಲುತುತ್ತದಲ್ಲಿ ನೆನೆಸಿದ ಗೂಟಕ್ಕೆ ಕಟ್ಟಿದ ಬಳ್ಳಿ ಉಳಿದದ್ದನ್ನು ಕೆಲವರು ಕಂಡಿದ್ದುದು ನಿಜ. ಆದರೆ ಕಾರಣವನ್ನು ಅರಿತು, ಪ್ರಮಾಣವನ್ನು ಗೊತ್ತುಮಾಡಿ, ರೈತನ ಕೈಗೆ ಕೊಟ್ಟವರು ಮಿಲಾರ್ಡೆ. ಊರಿನ ಹೆಸರು ಮದ್ದಿಗೆ ಉಳಿಯಿತು. 1902ರ ಡಿಸೆಂಬರ್ 15ರಂದು ಅದೇ ಬೋರ್ಡೋದಲ್ಲಿ ಅವರು ತೀರಿಕೊಂಡರು. ಆಗ ಅವರಿಗೆ 64 ವರ್ಷ.

ಮೈಸೂರಿಗೆ ಬಂದ ದ್ರಾವಣ

ಅವರು ಕಾಲವಾಗಿ ಆರು ವರ್ಷಕ್ಕೆ, 1908ರಲ್ಲಿ, ಕೆನಡಾ ದೇಶದ ಡಾ. ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಮಲೆನಾಡಿನಲ್ಲಿ ಆಗ ಕೊಳೆರೋಗ ಅಡಿಕೆಯನ್ನು ನೆಲಕ್ಕೆ ಉದುರಿಸುತ್ತಿತ್ತು. ತೋಟಿಗರು ಗೊನೆಗೊನೆಗೂ ಕೊಟ್ಟೆ ಕಟ್ಟಿ ಮಳೆನೀರು ತಾಗದಂತೆ ಕಾಯುತ್ತಿದ್ದರು. ಕೋಲ್ಮನ್ ಅವರು ಇದಕ್ಕೆ ಕಾರಣವಾದ ಶಿಲೀಂಧ್ರವನ್ನು ಗುರುತಿಸಿ 1910ರಲ್ಲಿ ವಿವರ ಪ್ರಕಟಿಸಿದರು. ಅದು ದ್ರಾಕ್ಷಿಯ ಬೂಜುರೋಗದ ನೆಂಟನೇ, ನೀರಿನಲ್ಲಿ ಈಜುವ ಕಣಗಳ ಗುಂಪಿಗೆ ಸೇರಿದ್ದು. ಆದ್ದರಿಂದ ದ್ರಾಕ್ಷಿಯ ಮದ್ದೇ ಅಡಿಕೆಗೂ ಆಯಿತು. ಮಲೆನಾಡಿನ ಜಡಿಮಳೆಗೆ ತೊಳೆದುಹೋಗದಂತೆ ರಾಳದ ಅಂಟು ಬೆರೆಸಿ ಬೋರ್ಡೋ ದ್ರಾವಣ ಹೊಡೆಯುವ ಪದ್ಧತಿಯನ್ನು ಅವರು ಬಳಕೆಗೆ ತಂದರು. ನಮ್ಮ ಹಿರಿಯೂರಿನ ಬಬ್ಬೂರು ಫಾರಂ ಕೂಡ ಅವರ ಕಾಲದ ಕೃಷಿ ಇಲಾಖೆಯ ಕೊಡುಗೆ. ಇಂದು ಹೊಳಲ್ಕೆರೆ, ಭೀಮಸಮುದ್ರದ ಅಡಿಕೆ ತೋಟಿಗರು ಮುಂಗಾರು ಹಿಡಿಯುವ ಮೊದಲೇ ನೀಲಿ ದ್ರಾವಣ ಹೊಡೆಸುವಾಗ ಮಿಲಾರ್ಡೆ ಹೇಳಿದ ಮಾತನ್ನೇ ಪಾಲಿಸುತ್ತಾರೆ. ಅಡಿಕೆಗೆ ಮೊದಲೇ ಹೊಡೆಯುವ ನಾವು ಹಿತ್ತಿಲ ದ್ರಾಕ್ಷಿಗೆ ಮಾತ್ರ ರೋಗ ಬಂದ ಮೇಲೆ ಓಡುತ್ತೇವೆ.

ನಮ್ಮ ಹಿತ್ತಿಲಿನ ಬಳ್ಳಿಗೆ

ಪ್ಲಾಸ್ಟಿಕ್ ಮಾಡು ಮಳೆಯನ್ನು ತಡೆಯುವುದರಿಂದ ಎಲೆ ಒಣಗಿರುತ್ತದೆ. ಎಲೆ ಒಣಗಿದ್ದರೆ ಡೌನಿ ಕಡಿಮೆ. ಆದರೆ ಬೂದಿರೋಗಕ್ಕೆ ಎಲೆ ಒದ್ದೆಯಾಗಬೇಕೆಂದಿಲ್ಲ, ನೆರಳು ಮತ್ತು ಗಾಳಿಯಾಡದ ತೇವದ ವಾತಾವರಣವೇ ಅದಕ್ಕೆ ಹಿತ. ಮಾರ್ಗೇಟಿನ ಗಾಜಿನಮನೆಯಲ್ಲಿ ಆದದ್ದು ಹೊಸದುರ್ಗದ ಪ್ಲಾಸ್ಟಿಕ್ ಮನೆಯಲ್ಲೂ ಆಗುತ್ತದೆ. ಆದ್ದರಿಂದ ಮೇಲೆ ಮಾತ್ರ ಹಾಳೆ ಇರಲಿ, ಚಪ್ಪರಕ್ಕೂ ಹಾಳೆಗೂ ನಡುವೆ ಮೂರಡಿಯಾದರೂ ಅಂತರವಿರಲಿ, ಸುತ್ತಲೂ ಗಾಳಿಯಾಡಲಿ. ಹಕ್ಕಿಗೆ ಬಲೆ ಸಾಕು. ನಮ್ಮ ಬೇಸಿಗೆಯ ಬಿಸಿಲಿಗೆ ಮುಚ್ಚಿದ ಮನೆ ಒಲೆಯಾಗುತ್ತದೆ, ಹಾಳೆಯನ್ನು ಆಗ ಸುತ್ತಿಡುವುದು ಲೇಸು.

ನಂಬಿಕಸ್ಥ ನರ್ಸರಿಯಿಂದ ಆರೋಗ್ಯವಾದ ಸಸಿಯನ್ನೇ ತನ್ನಿ. ಬೂದಿರೋಗ, ಬೇರುಹೇನು, ಡೌನಿ ಮೂರೂ ಯೂರೋಪಿಗೆ ಬಂದದ್ದು ಹೊರಗಿನ ಗಿಡಗಳ ಜೊತೆಗೇ. ಬೆಂಗಳೂರು ನೀಲಿ ತಳಿ ಮನೆಮಟ್ಟಿಗೆ ಒಳ್ಳೆಯದು. ಆದರೆ ಅದಕ್ಕೂ ಡೌನಿ ತಗಲುತ್ತದೆ.

ಸವರಿದ ಬಳ್ಳಿ ಚಿಗುರಿ ಎಲೆ ಬಿಚ್ಚಿದಾಗ, ಮಳೆಯ ಮೋಡ ಕಾಣುವ ಮೊದಲೇ ಬೋರ್ಡೋ ಸಿಂಪಡಿಸಿ. ನಮ್ಮ ಕಡೆ ಸೆಪ್ಟೆಂಬರ್, ಅಕ್ಟೋಬರ್ ಮಳೆಯೇ ಹೆಚ್ಚಾದ್ದರಿಂದ ಆಗ ವಿಶೇಷ ಎಚ್ಚರ ಬೇಕು. 100 ಗ್ರಾಂ ಮೈಲುತುತ್ತವನ್ನು 5 ಲೀಟರ್ ನೀರಿನಲ್ಲಿ, 100 ಗ್ರಾಂ ಸುಣ್ಣವನ್ನು ಇನ್ನೊಂದು 5 ಲೀಟರ್ ನೀರಿನಲ್ಲಿ ಬೇರೆಬೇರೆಯಾಗಿ ಕರಗಿಸಿ ಸೋಸಿಕೊಳ್ಳಿ. ಮಣ್ಣಿನ ಅಥವಾ ಪ್ಲಾಸ್ಟಿಕ್ ಪಾತ್ರೆಯೇ ಆಗಬೇಕು, ಕಬ್ಬಿಣದ ಡಬ್ಬ ಕೂಡದು. ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ನಿಧಾನವಾಗಿ ಸುರಿಯುತ್ತ ಕಲಕಿ. ಹೊಳಪಿನ ಕುಡುಗೋಲನ್ನು ಅದ್ದಿ ನೋಡಿದಾಗ ಕೆಂಪು ಕಲೆ ಹತ್ತಿದರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಿ. ಆ ದಿನವೇ ಬಳಸಿ ಮುಗಿಸಿ. ಎಳೆ ಚಿಗುರಿಗೆ ಎರಡನ್ನೂ ಅರ್ಧ ಮಾಡಿ. ಎಲೆಯ ಕೆಳಭಾಗಕ್ಕೆ ತಪ್ಪದೆ ತಾಗಲಿ. ಹೂವು ಅರಳಿದಾಗ ಬೇಡ, ಹಣ್ಣು ಬಣ್ಣ ತಿರುಗಿದ ಮೇಲೂ ಬೇಡ. ತಿನ್ನುವ ಮುನ್ನ ಗೊಂಚಲನ್ನು ಚೆನ್ನಾಗಿ ತೊಳೆಯಿರಿ. ಮೈಲುತುತ್ತ ವಿಷ, ಮಕ್ಕಳಿಗೂ ದನಕ್ಕೂ ಸಿಗದಂತೆ ಇಡಿ.

ಬೂದಿರೋಗಕ್ಕೆ ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 2 ಗ್ರಾಂ ಬೆರೆಸಿ, ತಂಪು ಹೊತ್ತಿನಲ್ಲಿ ಹೊಡೆಯಿರಿ. ಸುಡು ಬಿಸಿಲಿನಲ್ಲಿ ಎಲೆ ಸುಡುತ್ತದೆ. ಮೊದಲು ನಾಲ್ಕು ಎಲೆಯ ಮೇಲೆ ಪರೀಕ್ಷಿಸಿ ನೋಡಿ.

ತಾಮ್ರ ಒಳ್ಳೆಯದೆಂದು ಮೇಲಿಂದ ಮೇಲೆ ಸುರಿಯಲೂಬಾರದು. ಅದು ಮಣ್ಣಿನಲ್ಲಿ ಕರಗಿಹೋಗುವುದಿಲ್ಲ, ವರ್ಷದಿಂದ ವರ್ಷಕ್ಕೆ ಕೂಡಿಕೊಳ್ಳುತ್ತದೆ. ಮಿಲಾರ್ಡೆಯವರ ಯೂರೋಪಿನಲ್ಲೇ 2019ರಿಂದ ಹೆಕ್ಟೇರಿಗೆ ಏಳು ವರ್ಷದಲ್ಲಿ ಒಟ್ಟು 28 ಕಿಲೋ ತಾಮ್ರ ಮೀರಕೂಡದೆಂಬ ಕಟ್ಟು ಇದೆ. ಸರಿಯಾದ ಹೊತ್ತಿಗೆ ಹಾಕಿದ ಒಂದು ಸಿಂಪಡಣೆ ಹೊತ್ತು ಮೀರಿ ಹಾಕಿದ ನಾಲ್ಕಕ್ಕಿಂತ ಮೇಲು.

ಹೊಸದುರ್ಗದ ಅಜ್ಜಿಗೆ ಈ ಕಥೆಯನ್ನೆಲ್ಲ ಹೇಳಿದೆ, ತಪ್ಪು ಔಷಧಿಯದಲ್ಲ, ಹೊತ್ತು ಮೀರಿ ಹೇಳಿದ ನನ್ನದು ಎಂದೂ ಒಪ್ಪಿಕೊಂಡೆ. ಬಳ್ಳಿಯ ಬುಡ ಸತ್ತಿರಲಿಲ್ಲ. ಮರುವರ್ಷ ಚಿಗುರು ಬಿಚ್ಚಿದ ಕೂಡಲೇ ಅವರು ಮೊಮ್ಮಗನ ಕೈಯಲ್ಲಿ ಅರ್ಧ ಪ್ರಮಾಣದ ದ್ರಾವಣ ಹೊಡೆಸಿದರು. ನಾನು ಹೋದಾಗ ಮಳೆ ಬಂದು ಹೋಗಿತ್ತು. ಎಲೆಗಳ ಮೇಲೆ ತಿಳಿ ನೀಲಿಯ ಲೇಪ ಇನ್ನೂ ಉಳಿದಿತ್ತು, ಅದರ ಕೆಳಗೆ ಗೊಂಚಲುಗಳು ಕಾಳು ಕಟ್ಟುತ್ತಿದ್ದವು.